ಪಕ್ಕದೂರಿನ ಪೊಲೀಸ್ರು ಬಂದು ತಪ್ಪು ಮಾಡಿದ್ರೆ ದುಡ್ಡು ಕಟ್ಟೋದು ಯಾರು?

ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವಕ್ಕಿರೋ ಈಸ್ಟ್ ಬೇ ಕಡೆ ಒಂದು ಚಿಕ್ಕ ಊರಲ್ಲಿ. ಇಲ್ಲಿನ ಸಿಟಿ ಕೌನ್ಸಿಲ್ ಮೀಟಿಂಗ್‌ಗೆ ಮೊದಲ ಸಲ ಹೋಗಿದ್ದು ಮಗಳ ಸ್ಕೂಲ್ ಮುಂದೆ ಜೀಬ್ರಾ ಕ್ರಾಸಿಂಗ್ ಹಾಕ್ಸಿ ಅಂತ ಕೇಳೋಕೆ, ಪೊಲೀಸ್ ವಿಷಯ ನನ್ನ ತಲೇಲೇ ಇರ್ಲಿಲ್ಲ. ಮಂಗಳವಾರ ಸಂಜೆ ಏಳು ಗಂಟೆ, ಹಾಲ್‌ನಲ್ಲಿ ಹದಿನೈದಿಪ್ಪತ್ತು ಜನ, ಬಾಗಿಲ ಪಕ್ಕದ ಟೇಬಲ್ ಮೇಲೆ ಅಜೆಂಡಾ ಪ್ರಿಂಟ್ ತೆಗೆದು ಇಟ್ಟಿದ್ರು. ಅದರಲ್ಲಿ ಕನ್ಸೆಂಟ್ ಕ್ಯಾಲೆಂಡರ್ ಅಂತ ಒಂದು ಭಾಗ ಇರುತ್ತೆ, ಅಂದ್ರೆ ಚರ್ಚೆ ಇಲ್ದೆ ಎಲ್ಲಾ ಒಟ್ಟಿಗೆ ಒಂದೇ ಓಟಲ್ಲಿ ಪಾಸ್ ಮಾಡೋ ಐಟಂಗಳು. ಹಿಂದಿನ ಮೀಟಿಂಗ್‌ನ ಮಿನಿಟ್ಸ್, ಪಾರ್ಕಿಗೆ ನೀರು ಹಾಕೋ ಪೈಪಿನ ಕಾಂಟ್ರ್ಯಾಕ್ಟು, ಲೈಬ್ರರಿ ಕಾರ್ಪೆಟ್ಟು, ಇವುಗಳ ಮಧ್ಯೆ ಎರಡು ಸಾಲು: ಅಕ್ಕಪಕ್ಕದ ಊರುಗಳ ಜೊತೆ ಪೊಲೀಸ್ ಮ್ಯೂಚುಯಲ್ ಏಡ್ (ಒಬ್ಬರಿಗೊಬ್ಬರು ನೆರವಾಗೋ) ಒಪ್ಪಂದದ ನವೀಕರಣ, ಅದರ ಕೆಳಗೇ ಲಯಬಿಲಿಟಿ ಇನ್ಶೂರೆನ್ಸ್ ಪೂಲ್‌ಗೆ, ಅಂದ್ರೆ ಊರಿನ ಮೇಲೆ ಕೇಸ್ ಬಿದ್ರೆ ಪರಿಹಾರ ಕಟ್ಟೋಕೆ ಊರುಗಳು ಸೇರಿ ಮಾಡ್ಕೊಂಡಿರೋ ನಿಧಿಗೆ, ಮುಂದಿನ ವರ್ಷದ ಕಂತು.

ಮೇಯರ್ ಓಟಿಗೆ ಹಾಕೋ ಮುಂಚೆ ಯಾರಾದ್ರೂ ಮಾತಾಡ್ತೀರಾ ಅಂತ ಕೇಳಿದ್ರು. ಎಪ್ಪತ್ತು ದಾಟಿದ ಒಬ್ರು ಅಜ್ಜಿ ವಾಕರ್ ತಳ್ಕೊಂಡು ಮೈಕ್ ಹತ್ರ ಬಂದು ಮೈಕ್ ತಮ್ಮ ಎತ್ತರಕ್ಕೆ ಬಗ್ಗಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು. ಪಕ್ಕದೂರಿನ ಪೊಲೀಸ್ ಅಧಿಕಾರಿ ನಮ್ಮೂರಿಗೆ ಬಂದು, ನಮ್ಮೂರಲ್ಲಿ ನಡೀತಿರೋ ಮೆರವಣಿಗೇಲಿ ನನ್ನ ಮೊಮ್ಮಗನ ಕಣ್ಣಿಗೆ ರಬ್ಬರ್ ಗುಂಡು ಹೊಡೆದ್ರೆ, ನಾನು ಯಾರ ಮೇಲೆ ಕೇಸ್ ಹಾಕ್ಬೇಕು, ಯಾರ ಇನ್ಶೂರೆನ್ಸು ಕೊಡುತ್ತೆ? ಸಿಟಿ ಅಟಾರ್ನಿ ಕನ್ನಡಕ ತೆಗೆದು, ಮುಂದಿದ್ದ ದಪ್ಪ ಪ್ಯಾಕೆಟ್‌ನ ಹಾಳೆ ತಿರುಗಿಸಿ, ಪಕ್ಕದಲ್ಲಿದ್ದ ಪೊಲೀಸ್ ಚೀಫ್ ಕಿವೀಲಿ ಏನೋ ಕೇಳಿ, ಕೊನೆಗೆ "ಅದು ಆ ಸಂದರ್ಭದ ಮೇಲೆ ಅವಲಂಬಿಸಿರುತ್ತೆ" ಅಂದ್ರು. ಒಬ್ಬ ಕೌನ್ಸಿಲ್ ಮೆಂಬರ್ ಆ ಎರಡು ಐಟಂನೂ ಕನ್ಸೆಂಟ್‌ನಿಂದ ಹೊರಗೆ ತೆಗೀರಿ, ಮುಂದಿನ ಮೀಟಿಂಗಲ್ಲಿ ಚರ್ಚೆ ಮಾಡೋಣ ಅಂದ್ರು. ಆವತ್ತಿಂದ ನಾನು ಈ ವಿಷಯ ಓದ್ತಾ ಇದೀನಿ, ಓದಿದಷ್ಟೂ ಅಜ್ಜಿ ಕೇಳಿದ್ದೇ ಇದರ ಮೂಲ ಪ್ರಶ್ನೆ ಅನ್ನೋದು ಗಟ್ಟಿ ಆಗ್ತಾ ಹೋಯ್ತು.

ಕರ್ನಾಟಕದಲ್ಲಿ ಕೂತು ಓದ್ತಿರೋರಿಗೆ ಇದು ಸ್ವಲ್ಪ ವಿಚಿತ್ರ ಅನ್ಸಬಹುದು. ನಮ್ಮಲ್ಲಿ ಪೊಲೀಸ್ ಅನ್ನೋದು ರಾಜ್ಯ ಸರ್ಕಾರದ್ದು, ಸಂವಿಧಾನದ ಏಳನೇ ಷೆಡ್ಯೂಲಿನ ರಾಜ್ಯ ಪಟ್ಟಿಯಲ್ಲೇ ಇದೆ. ಮಂಡ್ಯದಲ್ಲಿ ಕಾವೇರಿ ಗಲಾಟೆ ಆದ್ರೆ ಬೇರೆ ಜಿಲ್ಲೆಯಿಂದ ಕೆಎಸ್‌ಆರ್‌ಪಿ ತುಕಡಿ ವ್ಯಾನಲ್ಲಿ ಬಂದಿಳಿಯುತ್ತೆ, ಮಂಡ್ಯ ನಗರಸಭೆಗೆ ಅದರಲ್ಲಿ ಹೇಳೋಕೂ ಕೇಳೋಕೂ ಏನಿಲ್ಲ, ಯಾಕಂದ್ರೆ ಬಂದೋರೂ ಇದ್ದೋರೂ ಒಬ್ಬರೇ ಡಿಜಿಪಿ ಕೆಳಗೆ, ಸಂಬಳ ಒಂದೇ ಖಜಾನೆಯಿಂದ. ಪೊಲೀಸ್ರಿಂದ ತಪ್ಪು ನಡೆದು ಕೋರ್ಟು ಪರಿಹಾರ ಕೊಡಿ ಅಂದ್ರೂ ಅದೇ ಖಜಾನೆ. 1983ರ ರುದುಲ್ ಶಾ ಕೇಸ್, 1993ರ ನೀಲಾಬತಿ ಬೆಹೆರಾ ಕೇಸ್ ಇವುಗಳಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿ ಅಂದಿದ್ದು ರಾಜ್ಯ ಸರ್ಕಾರಗಳಿಗೆ. ಹಾಗಾಗಿ "ಯಾರ ಪೊಲೀಸು" ಅನ್ನೋ ಪ್ರಶ್ನೆ ನಮಗೆ ಅಷ್ಟಾಗಿ ಬರಲ್ಲ.

ಅಮೆರಿಕಾದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ಊರಿಗೊಂದು, ಕೌಂಟಿಗೊಂದು (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಶೆರಿಫ್ ಆಫೀಸು, ಯೂನಿವರ್ಸಿಟಿಗೊಂದು, ಕೆಲವು ಕಡೆ ರೈಲಿಗೂ ಒಂದು. ಒಂದು ರಸ್ತೆ ದಾಟಿದ್ರೆ ಬೇರೆ ಚೀಫು, ಬೇರೆ ಯೂನಿಫಾರ್ಮು, ಬೇರೆ ರೂಲ್ ಬುಕ್ಕು. ನಮ್ಮೂರಿನಂಥ ಊರಲ್ಲಿ ಒಂದು ಶಿಫ್ಟಲ್ಲಿ ರಸ್ತೆ ಮೇಲೆ ಇರೋದು ಕೈ ಬೆರಳಲ್ಲಿ ಎಣಿಸೋಷ್ಟು ಆಫೀಸರ್ಸ್. ದೊಡ್ಡ ಬೆಂಕಿ ಬಿತ್ತು, ಯಾರೋ ಗನ್ ಹಿಡ್ಕೊಂಡು ಮನೆಯೊಳಗೆ ಕೂತ, ಸಾವಿರಾರು ಜನ ರಸ್ತೆಗಿಳಿದ್ರು ಅಂದ್ರೆ ಪಕ್ಕದೂರಿಗೆ ಫೋನ್ ಮಾಡ್ಲೇಬೇಕು. ಆ ಫೋನ್ ಮಾಡಿದಾಗ ಅವರು ಬರೋಕೆ, ನಾಳೆ ಅವರು ಕರೆದಾಗ ನಮ್ಮೋರು ಹೋಗೋಕೆ ಮಾಡ್ಕೊಂಡಿರೋ ಮಾತುಕತೆಯೇ ಮ್ಯೂಚುಯಲ್ ಏಡ್.

ಇದನ್ನ ನನಗೆ ಅರ್ಥ ಮಾಡಿಸಿದ್ದು ನಮ್ಮ ಕಡೆಯ ಮುಯ್ಯಾಳು ಪದ್ಧತಿ. ನಾಟಿ ಟೈಮಲ್ಲಿ ನಿಮ್ಮ ಗದ್ದೆಗೆ ನಾವು ಹತ್ತು ಆಳು, ನಮ್ಮ ಗದ್ದೆಗೆ ನೀವು ಹತ್ತು ಆಳು, ಕೂಲಿ ಲೆಕ್ಕ ಇಲ್ಲ. ನಾನು ಹಾಸನದ ಕಡೆಯವನು, ಅಜ್ಜನ ಕಾಲದಲ್ಲಿ ಇದು ಮಾತಲ್ಲೇ ನಡೀತಿತ್ತು. ಆದ್ರೆ ಮುಯ್ಯಾಳಾಗಿ ಬಂದವನ ಕಾಲಿಗೆ ನಮ್ಮ ಗದ್ದೇಲಿ ಗುದ್ದಲಿ ಬಿದ್ರೆ ಆಸ್ಪತ್ರೆ ಖರ್ಚು ಯಾರ್ದು? ಅವನು ಎತ್ತು ತಿರುಗಿಸುವಾಗ ಬದು ಒಡೆದು ಮೂರನೇ ಮನೆಯವರ ಬೆಳೆ ಹಾಳಾದ್ರೆ ಜಗಳ ಯಾರ ಜೊತೆ? ಅಜ್ಜನ ಕಾಲದಲ್ಲಿ ಅದನ್ನ ಅರಳಿಕಟ್ಟೇಲಿ ಕೂತು ತೀರ್ಮಾನ ಮಾಡ್ತಿದ್ರು. ಇಲ್ಲಿ ಬಂದವರ ಕೈಯಲ್ಲಿರೋದು ಗನ್ನು, ಟಿಯರ್ ಗ್ಯಾಸು, ಮತ್ತೆ ತೀರ್ಮಾನ ಆಗೋದು ಲಕ್ಷಾಂತರ ಡಾಲರ್ ಲೆಕ್ಕದಲ್ಲಿ.

ಕ್ಯಾಲಿಫೋರ್ನಿಯಾದಲ್ಲಿ ಈ ಮುಯ್ಯಿಗೆ ಅಡಿಪಾಯ 1950ರ ಮಾಸ್ಟರ್ ಮ್ಯೂಚುಯಲ್ ಏಡ್ ಅಗ್ರಿಮೆಂಟು, ಅದರ ಮೇಲೆ 1970ರ ಎಮರ್ಜೆನ್ಸಿ ಸರ್ವಿಸಸ್ ಕಾಯ್ದೆ. ಸಾಮಾನ್ಯ ನಿಯಮ ಏನಂದ್ರೆ ಬಂದ ಊರು ಖರ್ಚಿಗೆ ಬಿಲ್ ಕಳಿಸಲ್ಲ, ಮತ್ತೆ ಬೇರೆ ಮಾತು ಬರೆದುಕೊಂಡಿಲ್ಲ ಅಂದ್ರೆ ಕರೆದ ಊರಿನ ಅಧಿಕಾರಿಯೇ ಆ ಜಾಗದ ಉಸ್ತುವಾರಿ, ಬಂದವರ ಮೇಲೂ ಅವರದ್ದೇ ನಿರ್ದೇಶನ. ಕೇಳೋಕೆ ಚೆನ್ನಾಗಿದೆ. ಆದ್ರೆ ಎಲ್ಲಿ ನಿಂತ್ಕೋಬೇಕು, ಯಾವ ರಸ್ತೆ ಮುಚ್ಚಬೇಕು ಅಂತ ಹೇಳೋದು ಒಂದು, ಬಂದವನ ಬೆಲ್ಟಲ್ಲಿ ಏನಿದೆ, ಅದನ್ನ ಯಾವಾಗ ಬಳಸಬಹುದು ಅಂತ ಅವನಿಗೆ ಟ್ರೇನಿಂಗ್ ಕೊಟ್ಟಿರೋದು ಇನ್ನೊಂದು. ಎರಡನೇದು ಅವನ ಊರಿನ ರೂಲ್ ಬುಕ್ಕಲ್ಲಿರುತ್ತೆ. ಮಿನ್ನೆಸೋಟಾ ರಾಜ್ಯದ ಕಾನೂನು ಬೇರೆ ಥರ, ಅಲ್ಲಿ ನೆರವಿಗೆ ಬಂದ ಆಫೀಸರ್‌ನ ಹೊರಗಿನವರಿಗೆ ಆದ ಹಾನಿಯ ಲೆಕ್ಕದಲ್ಲಿ ಕರೆಸಿಕೊಂಡ ಊರಿನ ನೌಕರ ಅಂತಲೇ ನೋಡ್ತಾರೆ, ಅವನಿಗೇ ಏಟು ಬಿದ್ರೆ ಮಾತ್ರ ಅವನ ಸ್ವಂತ ಊರು ನೋಡ್ಕೋಬೇಕು. ಅಂದ್ರೆ ಅಜ್ಜಿ ಪ್ರಶ್ನೆಗೆ ಉತ್ತರ ರಾಜ್ಯದಿಂದ ರಾಜ್ಯಕ್ಕೇ ಬದಲಾಗುತ್ತೆ, ಒಂದೇ ರಾಜ್ಯದೊಳಗೂ ಒಪ್ಪಂದದ ಸಾಲುಗಳ ಪ್ರಕಾರ ಬದಲಾಗುತ್ತೆ.

ಇದು ಕಾಗದದ ಮೇಲಿನ ತರ್ಕ ಅನ್ನಿಸಿದ್ರೆ ನಮ್ಮ ಪಕ್ಕದ ಓಕ್‌ಲ್ಯಾಂಡ್ ನೋಡಿ. 2011ರ ಅಕ್ಟೋಬರ್ 25, ಆರ್ಥಿಕ ಅಸಮಾನತೆ ವಿರುದ್ಧ ಎದ್ದಿದ್ದ ಆಕ್ಯುಪೈ ಚಳವಳಿಯವರು ಸಿಟಿ ಹಾಲ್ ಮುಂದೆ ಫ್ರ್ಯಾಂಕ್ ಒಗಾವಾ ಪ್ಲಾಜಾದಲ್ಲಿ ಹಾಕಿದ್ದ ಟೆಂಟುಗಳನ್ನ ಬೆಳಗಿನ ಜಾವ ಎತ್ತಿಸಿದ್ರು, ಅದಕ್ಕೆ ಓಕ್‌ಲ್ಯಾಂಡ್ ಪೊಲೀಸ್ರು ಸಾಲಲ್ಲ ಅಂತ ಹತ್ತಾರು ಕಡೆಯಿಂದ ನೆರವು ಬಂದಿತ್ತು. ಆ ಸಂಜೆ ಜನ ವಾಪಸ್ ಬಂದಾಗ ಟಿಯರ್ ಗ್ಯಾಸು, ಬೀನ್ ಬ್ಯಾಗ್ ಗುಂಡು ಹಾರಿದ್ವು. ಇರಾಕ್‌ನಲ್ಲಿ ಎರಡು ಸಲ ಡ್ಯೂಟಿ ಮಾಡಿ ಬಂದಿದ್ದ 24 ವರ್ಷದ ಮಾಜಿ ಮರೀನ್ ಒಬ್ಬನ ತಲೆಗೆ ಅಂಥದ್ದೊಂದು ಬಿದ್ದು ಬುರುಡೆ ಒಡೀತು, ಮಿದುಳಿಗೇ ಪೆಟ್ಟಾಯ್ತು. ಯುದ್ಧದಿಂದ ಸುರಕ್ಷಿತವಾಗಿ ಬಂದ ಹುಡುಗ ಸಿಟಿ ಹಾಲ್ ಹತ್ರ ಬಿದ್ದ ಅನ್ನೋದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಕಿವುಚುತ್ತೆ. ಯಾವ ಊರಿನವರು ಏನು ತಂದಿದ್ರು, ಯಾರು ಏನು ಹಾರಿಸಿದ್ರು ಅನ್ನೋದೇ ಆಮೇಲೆ ದೊಡ್ಡ ವಿವಾದ ಆಯ್ತು. ಕೊನೆಗೆ 2014ರಲ್ಲಿ ಓಕ್‌ಲ್ಯಾಂಡ್ ಅವನಿಗೆ 45 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡ್ಕೊಳ್ತು.

ಇಲ್ಲಿ ನನಗೆ ನೋವಾಗೋ ಸಂಗತಿ ಇನ್ನೊಂದು. ಓಕ್‌ಲ್ಯಾಂಡ್‌ಗೆ ಇದು ಹೊಸ ಪಾಠ ಆಗಿರ್ಲಿಲ್ಲ. 2003ರಲ್ಲಿ ಬಂದರಿನ ಹತ್ರ ಯುದ್ಧವಿರೋಧಿ ಪ್ರತಿಭಟನೆ ಮಾಡಿದವರ ಮೇಲೆ ಮರದ ಗುಂಡು ಹಾರಿಸಿ, ಕೇಸ್ ಬಿದ್ದು, ಅದರ ಫಲವಾಗೇ ಒಂದು ಒಳ್ಳೇ ಕ್ರೌಡ್ ಕಂಟ್ರೋಲ್ ಪಾಲಿಸಿ ಬರೆದಿದ್ರು. ನೆರವಿಗೆ ಬರೋರೂ ಓಕ್‌ಲ್ಯಾಂಡ್‌ನಲ್ಲಿ ನಿಷೇಧ ಇರೋ ಆಯುಧ ತರದ ಹಾಗೆ ಸಾಧ್ಯವಾದಷ್ಟು ಮಟ್ಟಿಗೆ ನೋಡ್ಕೋಬೇಕು ಅನ್ನೋ ಅರ್ಥದ ಮಾತೂ ಆ ಪಾಲಿಸಿಯಲ್ಲಿದೆ. ಸಾಧ್ಯವಾದಷ್ಟು ಮಟ್ಟಿಗೆ ಅನ್ನೋ ಎರಡೇ ಪದದೊಳಗೆ ಒಂದು ಲಾರಿ ನುಗ್ಗಬಹುದು. ಪಾಲಿಸಿ ಅನ್ನೋದು ಓಕ್‌ಲ್ಯಾಂಡ್ ತನ್ನವರಿಗೆ ಬರೆದುಕೊಂಡಿದ್ದು. ಬರೋ ಊರಿನ ಸಹಿ ಇರೋ ಒಪ್ಪಂದದಲ್ಲಿ ಅದೇ ಮಾತು ಇಲ್ಲದೇ ಇದ್ರೆ ಅವರನ್ನ ಕಟ್ಟಿಹಾಕೋದು ಕಷ್ಟ.

ಬರ್ಕ್ಲಿ ಊರು ಇದನ್ನ ಬಹಳ ಮುಂಚೆನೇ ಹಿಡಿದಿತ್ತು. 1973ರಲ್ಲೇ ಅಲ್ಲಿನ ಮತದಾರರು ಓಟ್ ಹಾಕಿ, ಬೇರೆ ಪೊಲೀಸ್ ಸಂಸ್ಥೆಗಳ ಜೊತೆಗಿನ ಒಪ್ಪಂದಗಳು ಕೌನ್ಸಿಲ್ ಒಪ್ಪಿಗೆಗೆ ಬರ್ಲೇಬೇಕು ಅಂತ ಊರಿನ ಕಾನೂನು ಮಾಡ್ಕೊಂಡ್ರು. ಹಾಗಾಗಿ ಅಲ್ಲಿ ಈ ಒಪ್ಪಂದಗಳು ಕೌನ್ಸಿಲ್ ಮುಂದೆ ಬರ್ತಾವೆ, ಜನ ಬಂದು ಮಾತಾಡ್ತಾರೆ. ಆಕ್ಯುಪೈ ಟೈಮಲ್ಲಿ ಓಕ್‌ಲ್ಯಾಂಡ್‌ನಲ್ಲಿ ನಡೆದಿದ್ದು ನೋಡಿ ಬರ್ಕ್ಲಿ ಕೌನ್ಸಿಲ್ ತನ್ನ ಮ್ಯೂಚುಯಲ್ ಏಡ್ ಒಪ್ಪಂದಗಳಿಗೆ ಕೂಡ್ಲೇ ಸೈ ಅನ್ನದೆ ತಡೆ ಹಿಡಿದು ಮತ್ತೆ ನೋಡಿತು. 2020ರ ಜೂನ್‌ನಲ್ಲಿ, ಮಿನಿಯಾಪೋಲಿಸ್ ಪೊಲೀಸ್ರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ನಂತರ, ಟಿಯರ್ ಗ್ಯಾಸ್ ನಿಷೇಧ ಮಾಡುವಾಗ ತನ್ನ ಪೊಲೀಸ್ರ ಹೆಸರು ಮಾತ್ರ ಹಾಕ್ಲಿಲ್ಲ, ಬರ್ಕ್ಲಿಗೆ ನೆರವಿಗೆ ಬರೋ ಹೊರಗಿನ ಸಂಸ್ಥೆಗಳಿಗೂ ಅನ್ವಯ ಅಂತ ಸೇರಿಸಿತು. ಆ ಒಂದು ವಾಕ್ಯದ ಬೆಲೆ ಎಷ್ಟು ಅಂತ ಗೊತ್ತಾಗೋಕೆ ಮುಂದಿನ ವರ್ಷ ಮಿನ್ನೆಸೋಟಾದಲ್ಲಿ ಆಗಿದ್ದು ನೋಡ್ಬೇಕು.

2021ರ ಏಪ್ರಿಲ್ 11, ಮಿನಿಯಾಪೋಲಿಸ್ ಪಕ್ಕದ ಬ್ರೂಕ್ಲಿನ್ ಸೆಂಟರ್ ಅನ್ನೋ ಊರು. ಟ್ರಾಫಿಕ್ ಸ್ಟಾಪಲ್ಲಿ 20 ವರ್ಷದ ಡಾಂಟೆ ರೈಟ್‌ನ ಒಬ್ಬ ಪೊಲೀಸ್ ಅಧಿಕಾರಿ ಗುಂಡು ಹಾರಿಸಿ ಕೊಂದ್ರು, ಟೇಸರ್ (ಕರೆಂಟ್ ಶಾಕ್ ಕೊಡೋ ಆಯುಧ) ಅಂದ್ಕೊಂಡು ಗನ್ ಎಳೆದೆ ಅಂತ ಆಮೇಲೆ ಹೇಳಿದ್ರು. ಜನ ಪೊಲೀಸ್ ಸ್ಟೇಷನ್ ಮುಂದೆ ಸೇರಿದ್ರು. ಚಿಕ್ಕ ಊರು, ನೆರವಿಗೆ ಕೌಂಟಿ ಶೆರಿಫು, ಸ್ಟೇಟ್ ಪಟ್ರೋಲು, ನ್ಯಾಷನಲ್ ಗಾರ್ಡು ಎಲ್ಲಾ ಬಂದ್ರು. ಅದೇ ವಾರ ಊರಿನ ಕೌನ್ಸಿಲ್ ತುರ್ತಾಗಿ ಸೇರಿ, ಪ್ರತಿಭಟನಾಕಾರರ ಮೇಲೆ ಟಿಯರ್ ಗ್ಯಾಸು, ರಬ್ಬರ್ ಗುಂಡು ಬೇಡ ಅಂತ ನಿರ್ಣಯ ಮಾಡಿತು. ನಿರ್ಣಯ ಆಯ್ತು, ಆದ್ರೂ ರಾತ್ರಿ ಗ್ಯಾಸ್ ಹಾರೋದು ನಿಲ್ಲಲಿಲ್ಲ, ಯಾಕಂದ್ರೆ ಅಲ್ಲಿ ನಿಂತಿದ್ದವರಲ್ಲಿ ಹೆಚ್ಚಿನವರು ಆ ಕೌನ್ಸಿಲ್ ಮಾತು ಕೇಳಬೇಕಾದವರೇ ಅಲ್ಲ. ಮೇಯರ್ ಬಹಿರಂಗವಾಗಿ ಅಸಮಾಧಾನ ಹೇಳಿದ್ರು. ತಾವೇ ಆರಿಸಿದ ಮೇಯರ್ ಬೇಡ ಅಂದ್ರೂ ತಮ್ಮದೇ ಬೀದಿಯಲ್ಲಿ ಗ್ಯಾಸ್ ಉಸಿರಾಡ್ಬೇಕಾದ ಜನರ ಜಾಗದಲ್ಲಿ ನಿಂತು ಇದನ್ನ ಯೋಚನೆ ಮಾಡಿ.

ಆದ್ರೆ ಇನ್ನೊಂದು ಕಡೆಯ ಮಾತೂ ಇದೆ, ಅದನ್ನ ಮುಚ್ಚಿಟ್ಟು ಬರೆಯೋಕೆ ನನಗೆ ಇಷ್ಟ ಇಲ್ಲ. 2020ರಲ್ಲಿ ಮಿಲ್ವಾಕಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ ನಡೀಬೇಕಿತ್ತು, ಬಂದೋಬಸ್ತಿಗೆ ನೂರಕ್ಕೂ ಹೆಚ್ಚು ಸಂಸ್ಥೆಗಳಿಂದ ಸುಮಾರು 1,000 ಆಫೀಸರ್ಸ್ ಬರೋದು ಅಂತ ಮಾತಾಗಿತ್ತು. ಜುಲೈನಲ್ಲಿ, ಪೊಲೀಸ್ ಇಲಾಖೆ ಮೇಲೆ ಕಣ್ಣಿಡೋ ಅಲ್ಲಿನ ಫೈರ್ ಅಂಡ್ ಪೊಲೀಸ್ ಕಮಿಷನ್ ಟಿಯರ್ ಗ್ಯಾಸ್, ಪೆಪ್ಪರ್ ಸ್ಪ್ರೇ ಬಳಸಬಾರದು ಅಂತ ಚೀಫ್‌ಗೆ ಸೂಚನೆ ಕೊಟ್ಟ ಮೇಲೆ ನೂರಕ್ಕೂ ಹೆಚ್ಚು ಸಂಸ್ಥೆಗಳು ನಾವು ಬರಲ್ಲ ಅಂತ ಹಿಂದೆ ಸರಿದ್ವು. ಅವರ ವಾದ ಸರಳ: ನಮ್ಮ ಹುಡುಗರ ಕೈಯಿಂದ ಗ್ಯಾಸು ಕಿತ್ಕೊಂಡ್ರೆ ಅವರಿಗೆ ಉಳಿಯೋದು ಲಾಠಿ ಮತ್ತೆ ಗನ್ನು, ನಾವ್ಯಾಕೆ ಆ ರಿಸ್ಕ್ ತಗೋಬೇಕು. ಅದೇ ಬೇಸಿಗೆಯ ಕೊನೇಲಿ ಪೋರ್ಟ್‌ಲ್ಯಾಂಡ್‌ಗೆ ಪೊಲೀಸ್ ಕಳಿಸಿ ಅಂತ ಓರೆಗಾನ್ ಗವರ್ನರ್ ಕೇಳಿದಾಗ ಪಕ್ಕದ ಕೌಂಟಿಗಳ ಶೆರಿಫ್‌ಗಳು ಬೇಡ ಅಂದ್ರು. ಮುಯ್ಯಿಗೆ ಬರೋನಿಗೆ ನೀನು ಹೀಗೇ ಕೆಲಸ ಮಾಡ್ಬೇಕು ಅಂತ ಜಾಸ್ತಿ ಷರತ್ತು ಹಾಕಿದ್ರೆ ಅವನು ಬರೋದೇ ಇಲ್ಲ. ಷರತ್ತೇ ಹಾಕದೆ ಕರೆದ್ರೆ ಏನಾಗುತ್ತೆ ಅನ್ನೋದಕ್ಕೆ ಓಕ್‌ಲ್ಯಾಂಡ್ ಇದೆ. ಕೌನ್ಸಿಲ್ ಮೆಂಬರ್‌ಗಳಿಗೆ ಇದು ನಿಜವಾಗಲೂ ಕಷ್ಟದ ಆಯ್ಕೆ.

ಈಗ ಎರಡನೇ ಸಾಲಿಗೆ ಬರೋಣ, ಇನ್ಶೂರೆನ್ಸು. ಜನ ಸಾಮಾನ್ಯವಾಗಿ ಇದನ್ನ ಓದೋದೇ ಇಲ್ಲ, ನಾನೂ ಓದ್ತಿರ್ಲಿಲ್ಲ.

ಅಮೆರಿಕಾದಲ್ಲಿ ಪೊಲೀಸ್ ನಿಮ್ಮ ಹಕ್ಕು ಮುರಿದ್ರೆ ಕೇಸ್ ಹಾಕೋಕೆ 1871ರ ಒಂದು ಕಾಯ್ದೆ ಇದೆ, ಅಂತರ್ಯುದ್ಧದ ನಂತರ ಕಪ್ಪು ಜನರನ್ನ ಕಾಪಾಡೋಕೆ ಬಂದಿದ್ದು. 1978ರ ಮೊನೆಲ್ ಕೇಸಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆ ಕೆಳಗೆ ಊರಿನ ಆಡಳಿತದ ಮೇಲೂ ಕೇಸ್ ಹಾಕಬಹುದು ಅಂದಿತು, ಆದ್ರೆ ಊರಿನ ಪಾಲಿಸಿ ಅಥವಾ ರೂಢಿಯಿಂದಲೇ ತಪ್ಪಾಗಿದೆ ಅಂತ ತೋರಿಸ್ಬೇಕು. ಮ್ಯೂಚುಯಲ್ ಏಡ್ ಇಲ್ಲಿ ಒಂದು ಗಂಟು ಹಾಕುತ್ತೆ: ಹೊಡೆದವನು ಪಕ್ಕದೂರಿನವನು, ಅವನು ನಡೆದುಕೊಂಡಿದ್ದು ಅವನ ಊರಿನ ಪಾಲಿಸಿ ಪ್ರಕಾರ, ನಮ್ಮ ಪಾಲಿಸಿಯಿಂದ ತಪ್ಪಾಗಿಲ್ಲ ಅಂತ ನಮ್ಮೂರಿನ ವಕೀಲ್ರು ಹೇಳ್ತಾರೆ, ನಿಮ್ಮ ಉಸ್ತುವಾರಿಯಲ್ಲೇ ಇದ್ದ ಅಂತ ಅವರೂರಿನ ವಕೀಲ್ರು ಹೇಳ್ತಾರೆ, ಏಟು ತಿಂದವನು ಎರಡು ಆಫೀಸಿನ ಮಧ್ಯೆ ವರ್ಷಗಟ್ಟಲೆ ಓಡಾಡ್ತಾನೆ.

ಹಾಗಂತ ತಪ್ಪು ಮಾಡಿದ ಅಧಿಕಾರಿ ಜೇಬಿಂದ ಕೊಡ್ತಾನಾ ಅಂದ್ರೆ ಇಲ್ಲ. ಜೊಯಾನಾ ಶ್ವಾರ್ಟ್ಜ್ ಅನ್ನೋ ಕಾನೂನು ಪ್ರೊಫೆಸರ್ 2006ರಿಂದ 2011ರವರೆಗಿನ ಲೆಕ್ಕ ತೆಗೆದು 2014ರಲ್ಲಿ ಪ್ರಕಟಿಸಿದ್ರು: ದೊಡ್ಡ ಪೊಲೀಸ್ ಇಲಾಖೆಗಳ ಇಂಥ ಕೇಸುಗಳಲ್ಲಿ ಸಂತ್ರಸ್ತರಿಗೆ ಸಿಕ್ಕ ಹಣದಲ್ಲಿ ಅಧಿಕಾರಿಗಳು ಸ್ವತಃ ಕೊಟ್ಟಿದ್ದು ಶೇ 0.02. ಉಳಿದಿದ್ದೆಲ್ಲಾ ಸರ್ಕಾರಿ ದುಡ್ಡು, ಅಂದ್ರೆ ನಮ್ಮ ಪ್ರಾಪರ್ಟಿ ಟ್ಯಾಕ್ಸು, ಸೇಲ್ಸ್ ಟ್ಯಾಕ್ಸು. ಮಿನಿಯಾಪೋಲಿಸ್ ಜಾರ್ಜ್ ಫ್ಲಾಯ್ಡ್ ಕುಟುಂಬಕ್ಕೆ 2021ರಲ್ಲಿ ಕೊಟ್ಟಿದ್ದು 2.7 ಕೋಟಿ ಡಾಲರ್. ಅಂಥ ದೊಡ್ಡ ಊರುಗಳು ತಮ್ಮ ಬಜೆಟ್ಟಿಂದಲೇ ಕಟ್ಟೋ ಶಕ್ತಿ ಇರೋವು. ಇಪ್ಪತ್ತು ಮೂವತ್ತು ಸಾವಿರ ಜನ ಇರೋ ಊರಿಗೆ ಅಂಥದ್ದೊಂದು ತೀರ್ಪು ಬಂದ್ರೆ ಲೈಬ್ರರಿ, ಪಾರ್ಕು, ಫೈರ್ ಸ್ಟೇಷನ್ ಎಲ್ಲಾ ಮುಚ್ಚಿಕೊಂಡು ಹೋಗುತ್ತೆ. ಅದಕ್ಕೇ ಪೂಲ್.

ಪೂಲ್ ಅಂದ್ರೆ ನಮ್ಮ ಸ್ತ್ರೀಶಕ್ತಿ ಸಂಘದ ಥರನೇ ಅಂದ್ಕೊಳ್ಳಿ, ಹತ್ತಾರು ಊರು ಸೇರಿ ಒಂದು ಗಡಿಗೆಗೆ ದುಡ್ಡು ಹಾಕಿ ಇಡೋದು, ಯಾರಿಗೆ ದೊಡ್ಡ ಕೇಸ್ ಬಿತ್ತೋ ಅವರಿಗೆ ಅದರಿಂದ ಕೊಡೋದು. ಮೊದಲ ಇಷ್ಟು ಲಕ್ಷ ಡಾಲರ್ ಊರೇ ಕೈಯಿಂದ ಹಾಕ್ಬೇಕು, ಅದರ ಮೇಲೆ ಪೂಲ್, ಪೂಲ್‌ನ ಮಿತಿ ದಾಟಿದ್ರೆ ಅದರ ಮೇಲೆ ಇನ್ನೊಂದು ಪದರ ಪ್ರೈವೇಟ್ ಇನ್ಶೂರೆನ್ಸು. ಸಂಘದಲ್ಲಿ ಒಬ್ಬರು ಪದೇ ಪದೇ ಸಾಲ ತೀರಿಸ್ದೆ ಹೋದ್ರೆ ಉಳಿದವರು ಏನಂತಾರೆ? ಮನೆ ಬಾಗಿಲಿಗೆ ಬರ್ತಾರೆ, ಲೆಕ್ಕ ಕೇಳ್ತಾರೆ, ಕೊನೆಗೆ ಹೊರಗೆ ಹಾಕ್ತಾರೆ. ಪೂಲ್‌ಗಳೂ ಅದನ್ನೇ ಮಾಡ್ತಾವೆ.

ಮೇವುಡ್ ಕಥೆ ಇದಕ್ಕೆ ಕಣ್ಣಿಗೆ ಕಟ್ಟೋ ಉದಾಹರಣೆ. ಲಾಸ್ ಏಂಜಲೀಸ್ ಪಕ್ಕ, ಬರೀ ಒಂದು ಚದರ ಮೈಲಿ ಚಿಲ್ಲರೆ ವಿಸ್ತೀರ್ಣ, ಹೆಚ್ಚಿನವರು ಲ್ಯಾಟಿನೋ ಕೂಲಿ ಕಾರ್ಮಿಕರು. ಅದರ ಪೊಲೀಸ್ ಇಲಾಖೆ ಮೇಲೆ ಕೇಸ್ ಮೇಲೆ ಕೇಸು, 2009ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಆಫೀಸೇ ತನಿಖೆ ಮಾಡಿ ಛೀಮಾರಿ ಹಾಕಿತ್ತು. ಆ ಇಲಾಖೆ ಪಕ್ಕದ ಕಡಹಿ ಅನ್ನೋ ಊರಿಗೂ ಕಾಂಟ್ರ್ಯಾಕ್ಟ್ ಮೇಲೆ ಪೊಲೀಸ್ ಕೆಲಸ ಮಾಡ್ತಿತ್ತು, ಅಂದ್ರೆ ಒಂದೂರಿನ ರೋಗ ಎರಡೂರಿಗೆ. ಕೊನೆಗೆ ಕ್ಯಾಲಿಫೋರ್ನಿಯಾ ಜಾಯಿಂಟ್ ಪವರ್ಸ್ ಇನ್ಶೂರೆನ್ಸ್ ಅಥಾರಿಟಿ, ನೂರಕ್ಕೂ ಹೆಚ್ಚು ಸದಸ್ಯರಿರೋ ಪೂಲು, ಮೇವುಡ್‌ನ ಕೈಬಿಟ್ಟಿತು. ಇನ್ಶೂರೆನ್ಸ್ ಇಲ್ದೆ ಪೊಲೀಸ್ ಕಾರು ರಸ್ತೆಗಿಳಿಸೋಕೆ ಆಗಲ್ಲ. 2010ರ ಜೂನ್‌ನಲ್ಲಿ ಕೌನ್ಸಿಲ್ ಪೊಲೀಸ್ ಇಲಾಖೆ ಮುಚ್ಚಿ, ಊರಿನ ಉಳಿದ ನೌಕರರನ್ನೂ ಮನೆಗೆ ಕಳಿಸಿ, ಬಂದೋಬಸ್ತನ್ನ ಕೌಂಟಿ ಶೆರಿಫ್‌ಗೆ ಒಪ್ಪಿಸಿತು. ಎಷ್ಟೋ ವರ್ಷದ ಪ್ರತಿಭಟನೆ, ತನಿಖಾ ವರದಿ ಇವು ಮಾಡೋಕಾಗದ್ದನ್ನ ಇನ್ಶೂರೆನ್ಸಿನ ಒಂದು ಪತ್ರ ಮಾಡಿತು.

ನಮಗೆ ಇನ್ನೂ ಹತ್ತಿರದ್ದು ವಲೇಹೋ, ಬೇ ಏರಿಯಾದ ಉತ್ತರ ತುದಿ. ಪೊಲೀಸ್ ಗುಂಡಿಗೆ ಸತ್ತವರ ಕೇಸುಗಳು ಎಷ್ಟಾಯ್ತು ಅಂದ್ರೆ 2010ರ ದಶಕದ ಕೊನೆಗೆ ಅದರ ಪೂಲು, ಊರು ಕೈಯಿಂದ ಹಾಕ್ಬೇಕಾದ ಮೊದಲ ಮೊತ್ತವನ್ನ 5 ಲಕ್ಷ ಡಾಲರ್‌ನಿಂದ 25 ಲಕ್ಷಕ್ಕೆ ಏರಿಸಿತು. 2008ರಲ್ಲಿ ದಿವಾಳಿ ಘೋಷಿಸಿದ್ದ ಊರು ಅದು.

ಶಿಕಾಗೋ ಯೂನಿವರ್ಸಿಟಿಯ ಜಾನ್ ರ‍್ಯಾಪಪೋರ್ಟ್ 2017ರಲ್ಲಿ ಇದನ್ನ ವಿವರವಾಗಿ ತೋರಿಸಿದ್ರು, ಇನ್ಶೂರೆನ್ಸ್ ಕೊಡೋರು ಪೊಲೀಸ್ ಪಾಲಿಸಿ ತಿದ್ದಿಸ್ತಾರೆ, ಟ್ರೇನಿಂಗ್ ಕೊಡಿಸ್ತಾರೆ, ಕಾರ್ ಚೇಸ್ ಕಡಿಮೆ ಮಾಡಿ ಅಂತಾರೆ, ಮಾತು ಕೇಳದಿದ್ರೆ ಕಂತು ಏರಿಸ್ತಾರೆ. ನಾನು ಇದನ್ನ ಪೂರ್ತಿ ಸಂತೋಷದಿಂದ ಒಪ್ಪಲ್ಲ. ಪೂಲ್‌ನ ಬೋರ್ಡಲ್ಲಿ ಕೂತಿರೋರು ಊರುಗಳ ಆಡಳಿತದ ಪ್ರತಿನಿಧಿಗಳು, ಅವರ ಚಿಂತೆ ಮುಖ್ಯವಾಗಿ ದುಡ್ಡು ಹೋಗದೇ ಇರೋದು, ಕಣ್ಣು ಹೋಗದೇ ಇರೋದು ಆಮೇಲೆ. ಎರಡೂ ಒಂದೇ ಕಡೆ ಎಳೆದಾಗ ಒಳ್ಳೇದು. ಆದ್ರೆ ಕೇಸ್ ಹಾಕೋ ಶಕ್ತಿ ಇಲ್ಲದ ವಲಸಿಗನಿಗೆ ಏಟು ಬಿದ್ರೆ ಪೂಲ್‌ನ ಲೆಕ್ಕದ ಪುಸ್ತಕಕ್ಕೆ ಅದು ಬರೋದೇ ಇಲ್ಲ.

ಒಂದು ಸಣ್ಣ ವಿಷಯ ಇಲ್ಲೇ ಹೇಳ್ಬಿಡ್ತೀನಿ, ಕ್ಯಾಲಿಫೋರ್ನಿಯಾದಲ್ಲಿ ಜ್ಯೂರಿ ಅಧಿಕಾರಿಗೆ ಶಿಕ್ಷೆ ರೂಪದಲ್ಲಿ ಹಾಕೋ ದಂಡವನ್ನ ಇನ್ಶೂರೆನ್ಸ್ ಕಟ್ಟೋ ಹಾಗಿಲ್ಲ, ಆದ್ರೆ ಅವನು ಒಳ್ಳೇ ಉದ್ದೇಶದಿಂದಲೇ ಡ್ಯೂಟಿ ಮಾಡ್ತಿದ್ದ ಅಂತ ಕೌನ್ಸಿಲ್ ನಿರ್ಣಯ ಮಾಡಿ ಊರಿನ ದುಡ್ಡಿಂದ ಕಟ್ಟಬಹುದು. ಆ ಓಟು ಯಾವತ್ತು ಬರುತ್ತೆ ಅಂತ ಅಜೆಂಡಾ ನೋಡ್ತಿದ್ರೆ ಮಾತ್ರ ಗೊತ್ತಾಗುತ್ತೆ.

ಎರಡು ಸಾಲೂ ಒಂದಕ್ಕೊಂದು ಹೇಗೆ ಹೊಸ್ಕೊಂಡಿವೆ ಅನ್ನೋದು ದೊಡ್ಡ ಸಮಾವೇಶಗಳಲ್ಲಿ ಚೆನ್ನಾಗಿ ಕಾಣುತ್ತೆ. 2008ರಲ್ಲಿ ಸೇಂಟ್ ಪಾಲ್‌ನಲ್ಲಿ ರಿಪಬ್ಲಿಕನ್ ಸಮಾವೇಶ ನಡೆದಾಗ ಊರಿನ ಸ್ವಂತ ಪೊಲೀಸ್ರು ಸುಮಾರು 600, ಹೊರಗಿಂದ ಬಂದವರು ಸೇರಿ ಮೂರು ಸಾವಿರ ದಾಟಿದ್ರು. ಬಂದೋರ ತಪ್ಪಿಗೆ ನಮ್ಮ ತಲೆ ಕೊಡೋಕಾಗಲ್ಲ ಅಂತ ಆಯೋಜಕರ ಕಡೆಯಿಂದಲೇ 1 ಕೋಟಿ ಡಾಲರ್‌ನ ಇನ್ಶೂರೆನ್ಸ್ ಮಾಡಿಸ್ಕೊಂಡ್ರು. ಎಂಟುನೂರಕ್ಕೂ ಹೆಚ್ಚು ಜನರನ್ನ ಅರೆಸ್ಟ್ ಮಾಡಿದ್ರು, ಪತ್ರಕರ್ತರೂ ಅದರಲ್ಲಿದ್ರು, ಕೇಸುಗಳೂ ಬಂದ್ವು. 2016ರಲ್ಲಿ ಕ್ಲೀವ್‌ಲ್ಯಾಂಡ್ ಮೊದಲು 1 ಕೋಟಿ ಅಂತ ಹೊರಟಿದ್ದು 5 ಕೋಟಿ ಡಾಲರ್‌ವರೆಗೆ ಏರಿಸಿತು. ಇಷ್ಟು ದೊಡ್ಡ ಇನ್ಶೂರೆನ್ಸ್ ಇದ್ರೆ ಪೊಲೀಸ್ರು ಜನರನ್ನ ಸಿಕ್ಕಾಪಟ್ಟೆ ಹಿಡೀತಾರೆ ಅಂತ ನಾಗರಿಕ ಹಕ್ಕಿನವರು ಹೆದರ್ತಾರೆ, ಇಲ್ಲದಿದ್ರೆ ಏಟು ತಿಂದವನಿಗೆ ಪರಿಹಾರ ಎಲ್ಲಿಂದ ತರ್ಲಿ ಅಂತ ಊರಿನವರು ಕೇಳ್ತಾರೆ. ನನ್ನ ಅಭಿಪ್ರಾಯದಲ್ಲಿ ಇನ್ಶೂರೆನ್ಸ್ ಇರ್ಲೇಬೇಕು, ಆದ್ರೆ ನೆರವಿಗೆ ಬರೋರು ಏನು ತರಬಾರದು ಅನ್ನೋದು ಒಪ್ಪಂದದಲ್ಲಿ ಬರೆದ ಮೇಲೆ, ಅದಕ್ಕಿಂತ ಮುಂಚೆ ಅಲ್ಲ.

ಇಷ್ಟೆಲ್ಲಾ ಓದುವಾಗ ನನ್ನ ತಲೇಲಿ ಓಡ್ತಿದ್ದಿದ್ದು ಅಲಬಾಮಾದ ಮ್ಯಾಡಿಸನ್ ಅನ್ನೋ ಊರಿನ ಕೇಸು. 2015ರ ಫೆಬ್ರವರಿ, ಮೊಮ್ಮಗನ್ನ ನೋಡ್ಕೊಳ್ಳೋಕೆ ಗುಜರಾತಿನ ಹಳ್ಳಿಯಿಂದ ಬಂದಿದ್ದ 57 ವರ್ಷದ ಅಜ್ಜ, ಇಂಗ್ಲಿಷ್ ಬರ್ತಿರ್ಲಿಲ್ಲ, ಬೆಳಿಗ್ಗೆ ಮಗನ ಮನೆ ಮುಂದಿನ ಫುಟ್‌ಪಾತಲ್ಲಿ ವಾಕ್ ಮಾಡ್ತಿದ್ರು. ಯಾರೋ ಫೋನ್ ಮಾಡಿದ್ರು, ಪೊಲೀಸ್ರು ಬಂದ್ರು, ಒಬ್ಬ ಅಧಿಕಾರಿ ಅವರನ್ನ ನೆಲಕ್ಕೆ ಕೆಡವಿದ, ಕತ್ತಿನ ಮೂಳೆಗೆ ಪೆಟ್ಟಾಗಿ ಮೈ ಭಾಗಶಃ ಸ್ವಾಧೀನ ತಪ್ಪಿತು. ಪರಿಹಾರದ ರಾಜಿ ಆಗಿದ್ದು 2021ರಲ್ಲಿ, 17.5 ಲಕ್ಷ ಡಾಲರ್, ಆರು ವರ್ಷ ಆದ ಮೇಲೆ. ಅಲ್ಲಿ ಇದ್ದಿದ್ದು ಒಂದೇ ಊರಿನ ಪೊಲೀಸು, ಯಾರ ನೌಕರ ಅನ್ನೋ ಪ್ರಶ್ನೆನೇ ಇರ್ಲಿಲ್ಲ, ಕಾರಿನ ಕ್ಯಾಮರಾದಲ್ಲಿ ವಿಡಿಯೋ ಕೂಡ ಇತ್ತು, ಆದ್ರೂ ಆರು ವರ್ಷ. ನಮ್ಮಪ್ಪ ಅಮ್ಮ ಆರಾರು ತಿಂಗಳು ಬಂದು ಇರ್ತಾರೆ, ಬೆಳಿಗ್ಗೆ ಮಫ್ಲರ್ ಸುತ್ಕೊಂಡು ವಾಕ್ ಹೋಗ್ತಾರೆ. ಬೇ ಏರಿಯಾದಲ್ಲಿರೋ ಎಷ್ಟೋ ಕನ್ನಡದ ಮನೆಗಳಲ್ಲಿ ಹೀಗೇ. ಅದಕ್ಕೇ ನಮ್ಮೋರು ಇದನ್ನ ಅಮೆರಿಕನ್ನರ ಜಗಳ ಅಂತ ಬಿಡಬಾರದು ಅಂತ ನಾನು ಹೇಳೋದು.

ಕ್ಯಾಲಿಫೋರ್ನಿಯಾದಲ್ಲಿ ಕೌನ್ಸಿಲ್‌ಗಳ ಕೈಗೆ ಈಗ ಎರಡು ಹೊಸ ಕಾನೂನು ಸಿಕ್ಕಿವೆ, ಎರಡೂ 2021ರವು. ಎಬಿ (ಅಸೆಂಬ್ಲಿ ಬಿಲ್) 48, ಜನರ ಗುಂಪಿನ ಮೇಲೆ ಟಿಯರ್ ಗ್ಯಾಸು, ರಬ್ಬರ್ ಗುಂಡು ಯಾವಾಗ ಬಳಸಬಹುದು ಅನ್ನೋದಕ್ಕೆ ರಾಜ್ಯಾದ್ಯಂತ ಒಂದು ಮಿತಿ ಹಾಕುತ್ತೆ, ಹಾಗಾಗಿ ಬಂದವನ ರೂಲ್ ಬುಕ್ಕಿಗೂ ನಮ್ಮ ರೂಲ್ ಬುಕ್ಕಿಗೂ ಇದ್ದ ಅಂತರ ಸ್ವಲ್ಪ ಕಡಿಮೆ ಆಗುತ್ತೆ. ಎಬಿ 481, ಮಿಲಿಟರಿ ಥರದ ಸಾಮಾನು ಕೊಳ್ಳೋಕೆ, ಬಳಸೋಕೆ ಕೌನ್ಸಿಲ್ ಒಪ್ಪಿದ ಪಾಲಿಸಿ ಬೇಕು ಅನ್ನುತ್ತೆ, ಪ್ರತಿ ವರ್ಷ ಅದನ್ನ ಮತ್ತೆ ನೋಡ್ಬೇಕು, ಮತ್ತೆ ಇನ್ನೊಂದು ಸಂಸ್ಥೆಯ ಜೊತೆ ಸೇರಿ ನಮ್ಮ ಊರಿನ ಗಡಿಯೊಳಗೆ ಅಂಥ ಸಾಮಾನು ಬಳಸೋದಕ್ಕೂ ಇದು ಅನ್ವಯ. ಅಂದ್ರೆ ಪಕ್ಕದೂರಿನವರು ತರೋ ವಾಹನ, ಗ್ಯಾಸ್ ಲಾಂಚರ್ ಬಗ್ಗೆ ಕೇಳೋ ಹಕ್ಕು ಕೌನ್ಸಿಲ್‌ಗೆ ಈಗ ಬರಹದಲ್ಲೇ ಇದೆ. ಕೇಳೋರು ಬೇಕು ಅಷ್ಟೇ.

ನಮ್ಮೂರಿನ ಮುಂದಿನ ಮೀಟಿಂಗಲ್ಲಿ ನಾನು ಜೀಬ್ರಾ ಕ್ರಾಸಿಂಗ್ ಬಿಟ್ಟು ಇದರ ಮೇಲೇ ಮಾತಾಡಿದೆ, ಒಬ್ಬೊಬ್ಬರಿಗೆ ಒಂದೊಂದೇ ನಿಮಿಷ, ಕೈ ನಡುಗ್ತಿತ್ತು. ಕೇಳಿದ್ದು ಮೂರು: ಬರೋ ಊರಿನವರಿಗೆ ನಮ್ಮ ಬಲಪ್ರಯೋಗದ ಪಾಲಿಸಿ ಅವರು ಬಂದಿಳಿಯೋ ರಾತ್ರಿ ಅಲ್ಲ, ಸಹಿ ಹಾಕುವಾಗಲೇ ಕೊಡಬೇಕು, ನೆರವು ಕರೆದ ಪ್ರತಿ ಸಲ ಯಾರು ಬಂದ್ರು, ಏನು ಬಳಸಿದ್ರು ಅನ್ನೋ ವರದಿ 30 ದಿನದೊಳಗೆ ಕೌನ್ಸಿಲ್ ಮುಂದೆ ಇಡಬೇಕು, ನಮ್ಮೋರು ಹೊರಗೆ ಹೋದಾಗ, ಹೊರಗಿನವರು ಇಲ್ಲಿಗೆ ಬಂದಾಗ ನಮ್ಮ ಪೂಲ್ ಯಾವುದಕ್ಕೆ ಕಟ್ಟುತ್ತೆ, ಯಾವುದಕ್ಕೆ ಕಟ್ಟಲ್ಲ ಅಂತ ಅವರಿಂದ ಲಿಖಿತವಾಗಿ ತರಿಸಬೇಕು. ಅಜ್ಜಿ ನನ್ನ ಮುಂದಿನ ಸಾಲಲ್ಲಿ ಕೂತಿದ್ರು, ತಿರುಗಿ ನೋಡಿ ತಲೆ ಆಡಿಸಿದ್ರು. ಪೊಲೀಸ್ ಚೀಫ್ ಎರಡನೇದಕ್ಕೆ ತಕರಾರಿಲ್ಲ ಅಂದ್ರು, ಮೊದಲನೇದಕ್ಕೆ ಪಕ್ಕದೂರುಗಳು ಒಪ್ಪದಿದ್ರೆ ತುರ್ತಿನಲ್ಲಿ ಕಷ್ಟ ಆಗುತ್ತೆ ಅಂತ ಮನಸ್ಸಿನಿಂದಲೇ ಹೇಳಿದ್ರು, ಅವರ ಮಾತಲ್ಲಿ ನ್ಯಾಯ ಇತ್ತು. ಕೊನೆಗೆ ಕೌನ್ಸಿಲ್ ಒಪ್ಪಂದವನ್ನ ಒಂದು ವರ್ಷಕ್ಕೆ ಮಾತ್ರ ನವೀಕರಿಸಿ, ಪಾಲಿಸಿ ಕೊಡೋ ಮಾತು, 30 ದಿನದ ವರದಿ ಎರಡನ್ನೂ ನಿರ್ಣಯಕ್ಕೆ ಸೇರಿಸಿತು. ಇನ್ಶೂರೆನ್ಸ್ ಕಂತು ಪಾಸಾಯ್ತು, ಪೂಲ್‌ಗೆ ಪತ್ರ ಬರೀರಿ ಅಂತ ಸಿಟಿ ಅಟಾರ್ನಿಗೆ ಹೇಳಿದ್ರು.

ಪೂಲ್‌ನಿಂದ ಉತ್ತರ ಇನ್ನೂ ಬಂದಿಲ್ಲ. ಬಂದ್ರೆ ಅಜೆಂಡಾದಲ್ಲಿ ಹಾಕ್ತೀವಿ ಅಂದಿದ್ದಾರೆ. ಮೀಟಿಂಗಿಗೆ 72 ಗಂಟೆ ಮುಂಚೆ ಅಜೆಂಡಾ ಹಾಕ್ಲೇಬೇಕು ಅಂತ ಇಲ್ಲಿ ಕಾನೂನಿದೆ, ಹಾಗಾಗಿ ಮೀಟಿಂಗ್ ಇರೋ ವಾರದ ಹಿಂದಿನ ಶುಕ್ರವಾರ ಸಂಜೆ ಆಫೀಸಿಂದ ಬಂದು ಕಾಫಿ ಲೋಟ ಹಿಡ್ಕೊಂಡು ಮೊದಲು ಕನ್ಸೆಂಟ್ ಕ್ಯಾಲೆಂಡರ್ ತೆಗೆದು ಆ ಒಂದು ಸಾಲು ಹುಡುಕ್ತೀನಿ.